ಬೀಳಲೆಂದೇ ಮಾಡಿದ ಕುರ್ಚಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿನಿಮಾ ಕಾಲೇಜಿನ ಹಿಂಬದಿಯ ದೊಡ್ಡ ತಗಡಿನ ಶೆಡ್ಡಿನಲ್ಲಿ ಯಾರದೋ ಮನೆಯ ಅಡುಗೆಕೋಣೆ ಎದ್ದು ನಿಲ್ಲುತ್ತಿದೆ. ಗೋಡೆ ಮೂರೇ. ನಾಲ್ಕನೆಯದು ಇರಬೇಕಾದ ಕಡೆ ಕ್ಯಾಮೆರಾ ಬರುತ್ತದೆ. ಮೇಲೆ ಸೂರಿಲ್ಲ, ಅಲ್ಲಿ ದೀಪಗಳು ತೂಗಬೇಕು. ಪ್ಲೈವುಡ್ ಗೋಡೆಯ ಮುಂದೆ ಮೊಣಕಾಲೂರಿ ಕೂತ ಬಡಗಿ, ಬಾಯಲ್ಲಿ ನಾಲ್ಕಾರು ಮೊಳೆ ಕಚ್ಚಿಕೊಂಡು ಕಿಟಕಿಯ ಚೌಕಟ್ಟು ಕೂರಿಸುತ್ತಿದ್ದಾರೆ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಅವರದು ಮೌನವ್ರತ. ಮಾತಾಡಿಸಿದರೆ ಹುಬ್ಬು ಏರಿಸಿ 'ತಡಿ' ಅನ್ನುತ್ತಾರೆ, ಅದೂ ಹುಬ್ಬಿನಲ್ಲೇ.

ಆ ಕಿಟಕಿಯಾಚೆ ಏನಿದೆ ಎಂದು ಇಣುಕಿದರೆ ಮರಳಿನ ಮೂಟೆಗಳು, ಗೋಡೆಗೆ ಆಸರೆ ಕೊಟ್ಟ ಕೋಲುಗಳು, ಯಾರೋ ಕುಡಿದು ಬಿಟ್ಟುಹೋದ ಚಹಾದ ಲೋಟ. ಈಚೆಯಿಂದ ನೋಡಿದರೆ ಮಾತ್ರ ಸಂಸಾರಸ್ಥರ ಮನೆ. ಒಲೆಯ ಮೇಲಿನ ಗೋಡೆಗೆ ಹೊಗೆ ಹಿಡಿದಿದೆ. ಸ್ವಿಚ್ಚಿನ ಸುತ್ತ ಕೈ ತಾಗಿ ತಾಗಿ ಆದ ಕಪ್ಪು. ಬಾಗಿಲು ಉಜ್ಜಿದ ಕಡೆ ನೆಲದ ಮೇಲೆ ಬಾಗಿದ ಒಂದು ಗೀರು. ನಿನ್ನೆ ಸಂಜೆಯವರೆಗೆ ಇಲ್ಲಿ ಏನೂ ಇರಲಿಲ್ಲ ಎಂದರೆ ನಂಬುವುದು ಕಷ್ಟ. ನಾಡಿದ್ದು ಸಂಜೆಗೆ ಮತ್ತೆ ಏನೂ ಇರುವುದಿಲ್ಲ.

ವಿದ್ಯಾರ್ಥಿಗಳು ಇವರನ್ನು ಗೋಡೆಯಣ್ಣ ಅನ್ನುತ್ತಾರೆ. ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಾರೆ. ಹೊಸದಾಗಿ ಸೇರಿದ ಹುಡುಗರು ಮೊದಲ ವಾರ 'ಸರ್' ಅಂದು, ಎರಡನೆಯ ವಾರದ ಹೊತ್ತಿಗೆ 'ಗೋಡೆಯಣ್ಣ, ನಂಗೊಂದು ಜೈಲು ಬೇಕಿತ್ತು' ಎಂದು ತಲೆ ಕೆರೆಯುತ್ತ ನಿಂತಿರುತ್ತಾರೆ. ಇವರು ಜೈಲು ಕಟ್ಟಿಕೊಟ್ಟಿದ್ದಾರೆ. ರೈಲಿನ ಡಬ್ಬಿ, ಆಸ್ಪತ್ರೆಯ ಮೊಗಸಾಲೆ, ಹಡಗಿನ ಹೊಟ್ಟೆ, ಒಮ್ಮೆ ಒಬ್ಬಳ ಹಟಕ್ಕೆ ಬಾವಿಯ ಒಳಗೋಡೆ, ಎಲ್ಲವೂ ಇದೇ ಶೆಡ್ಡಿನಲ್ಲಿ ಎದ್ದು ಇದೇ ಶೆಡ್ಡಿನಲ್ಲಿ ಮಲಗಿವೆ.

ಅವುಗಳಲ್ಲಿ ಹುಡುಗರು ತೆಗೆದ ಹತ್ತು ಹನ್ನೆರಡು ನಿಮಿಷದ ಸಿನಿಮಾಗಳು ಊರೂರು ಸುತ್ತಿ ಬಹುಮಾನ ತಂದಿವೆ. ಕಾಲೇಜಿನ ಮುಂಬಾಗಿಲು ದಾಟುತ್ತಿದ್ದಂತೆ ಗಾಜಿನ ಕಪಾಟಿನಲ್ಲಿ ಫಲಕಗಳು, ಬಟ್ಟಲುಗಳು, ಹಿತ್ತಾಳೆಯ ಹಕ್ಕಿಗಳು ಸಾಲಾಗಿ ನಿಂತಿವೆ. ಗೋಡೆಯಣ್ಣನ ಹೆಸರು ಅಲ್ಲಿ ಎಲ್ಲೂ ಇಲ್ಲ, ಅವರಿಗೆ ಅದರ ಚಿಂತೆಯೂ ಇಲ್ಲ. "ಕಪಾಟು ನಂದೇ," ಎಂದು ನಗುತ್ತಾರೆ. "ಈ ಕಾಲೇಜಲ್ಲಿ ನಾನು ನಿಜವಾಗಿ ಮಾಡಿದ್ದು ಅದೊಂದೇ. ಅದನ್ನ ಅಲ್ಲಾಡಿಸಿ ನೋಡಿ, ಅಲ್ಲಾಡಲ್ಲ."

ಅಲ್ಲಾಡದ ಹಾಗೆ ಮಾಡುವುದನ್ನು ಅವರು ಕಲಿತದ್ದು ಅಪ್ಪನಿಂದ. ಅಪ್ಪ ಅಂತಿಂಥ ಬಡಗಿಯಲ್ಲ. ಅವರು ಕೂರಿಸಿದ ಬಾಗಿಲನ್ನು ಇವತ್ತಿಗೂ ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಕಿರ್ ಅನ್ನದೆ ತೆರೆಯುತ್ತದೆ. ಬೀದಿ ತುಂಬ ಅವರ ಬಾಗಿಲುಗಳಿವೆ. ಆದರೆ ಅಂಗಡಿಯಲ್ಲಿ ಸಿದ್ಧ ಬಾಗಿಲು ಬಂದು ಕೂತ ಮೇಲೆ, ಮರ ಆರಿಸಿ, ಒಣಗಿಸಿ, ಕಾಯುವ ಗಿರಾಕಿ ಯಾರಿದ್ದಾರೆ? ಅಪ್ಪ ಮಗ ಇಬ್ಬರೂ ಖಾಲಿ ಕೈಯಲ್ಲಿ ಕೂತು ಬೀದಿ ನೋಡುವ ದಿನಗಳು ಬಂದವು. ಕಡೆಗೊಂದು ದಿನ ಅಪ್ಪನ ಮರಗೆಲಸದ ಕಾರ್ಖಾನೆಗೆ ಬೀಗ ಬಿತ್ತು. ಮಗ ಹೊಟ್ಟೆಪಾಡಿಗೆಂದು ಈ ಕಾಲೇಜಿಗೆ ಸೇರಿದರು. ಅಪ್ಪನಿಗೆ ಈಗ ಕೈ ನಡುಗುತ್ತದೆ, ಉಳಿ ಹಿಡಿಯಲಾಗುವುದಿಲ್ಲ. ಬಾಯಿ ಮಾತ್ರ ಉಳಿಗಿಂತ ಹರಿತ.

"ಮೊದಲನೇ ದಿನ ಮನೆಗೆ ಹೋಗಿ ಹೇಳಿದೆ, ಗೋಡೆ ಕಟ್ಟಿದೆ ಅಂತ. ಎಷ್ಟು ದಿನ ನಿಲ್ಲುತ್ತೆ ಅಂತ ಕೇಳಿದ್ರು. ಮೂರು ದಿನ ಅಂದೆ. ಅಪ್ಪ ಮುಖ ನೋಡಿದ ರೀತಿ ಇದೆಯಲ್ಲ, ನಾನೇನೋ ಕಳ್ಳತನ ಮಾಡಿ ಬಂದೋನ ಹಾಗೆ. ಮೂರು ದಿನ ನಿಲ್ಲೋ ಗೋಡೆಗೆ ಬಡಗಿ ಯಾತಕ್ಕೋ, ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಡಿ ಅಂದ್ರು."

ಅವತ್ತಿನಿಂದ ಒಂದು ರೂಢಿ ಬಿತ್ತು. ಸಂಜೆ ಮಗ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ, ಒಳಗಿನಿಂದ ಅಪ್ಪ ತಲೆಯೆತ್ತದೆ ಕೇಳುತ್ತಿದ್ದರು, "ಆಟ ಮುಗೀತಾ?" ಸಿಟ್ಟಿನಿಂದ ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ತಣ್ಣಗೆ, ಮಳೆ ನಿಂತಿತಾ ಅಂದಷ್ಟೇ ಸಲೀಸಾಗಿ ಕೇಳುತ್ತಿದ್ದರು. ಇವರು ಹ್ಞೂಂ ಅಂದು ಕೈಕಾಲು ತೊಳೆಯಲು ಹೋಗುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ಅಪ್ಪನನ್ನು ಕರೆಯದೆ ಇರಲಿಲ್ಲ. ರೈಲಿನ ಡಬ್ಬಿ ಕಟ್ಟಿದಾಗ ಕರೆದರು, ಮೊಣಕಾಲು ನೋವು ಎಂದರು. ಹಡಗು ಕಟ್ಟಿದಾಗ ಕರೆದರು, ಬಿಸಿಲು ಎಂದರು. ಮೋಡ ಕವಿದ ದಿನ ನೋಡಿ ಕರೆದರು, 'ನೋಡೋಕೇನಿದೆ ಅಲ್ಲಿ, ಒಳಗೆ ಟೊಳ್ಳು' ಎಂದು ಮಗ್ಗುಲು ಬದಲಿಸಿದರು. ಗೋಡೆಯಣ್ಣನಿಗೆ ಸಂಬಳದ ಕೊರಗಿಲ್ಲ, ಹೆಸರಿನ ಹಂಬಲವಿಲ್ಲ. ಕೊರಗೆಂದರೆ ಇದೊಂದೇ. "ನೋಡಿ ಬಯ್ಯಲಿ ಬೇಕಾದರೆ. ಕೈ ಹಿಡಿದು ಕಲಿಸಿದೋರು, ಬಯ್ಯೋ ಹಕ್ಕಿದೆ. ಆದರೆ ಕೆಲಸಗಾರನ್ನ ಬಯ್ದ ಹಾಗೆ ಬಯ್ಯಲಿ. ಆಟ ಆಡ್ಕೊಂಡಿರೋ ಮಗೂನ ಮಾತಾಡಿಸಿದ ಹಾಗೆ ಮಾತಾಡಿಸಿದರೆ ಅನ್ನ ಗಂಟಲಲ್ಲಿ ಇಳಿಯಲ್ಲ," ಎನ್ನುತ್ತಾರೆ.

ಅಪ್ಪನ ಪಾಠ ಈ ಶೆಡ್ಡಿನಲ್ಲಿ ಅವರಿಗೆ ಎಷ್ಟು ನೆರವಾಯಿತೋ ಅಷ್ಟೇ ಕಾಟವನ್ನೂ ಕೊಟ್ಟಿತು. ಸೇರಿದ ಹೊಸತರಲ್ಲಿ ಒಂದು ಪೋಸ್ಟಾಫೀಸು ಕಟ್ಟಿದರು. ಶೂಟಿಂಗ್ ಮುಗಿಯಿತು, ಹುಡುಗರು ಗೋಡೆ ಕಳಚಲು ಬಂದರು. ಗೋಡೆ ಜಪ್ಪಯ್ಯ ಅಂದರೂ ಬರಲಿಲ್ಲ. ಅಭ್ಯಾಸಬಲ, ಇವರು ಕಚ್ಚು ಹಾಕಿ, ಬೆಣೆ ಹೊಡೆದು, ಮನೆಗೆ ಕೂರಿಸುವಂತೆ ಕೂರಿಸಿಬಿಟ್ಟಿದ್ದರು. ಒಂದು ಮರದ ತುದಿಯನ್ನು ಇನ್ನೊಂದರ ಹೊಟ್ಟೆಯೊಳಗೆ ಬಿಗಿಯಾಗಿ ಕೂರಿಸುವ ಆ ಕಚ್ಚು ಅಪ್ಪನ ಕೈಚಳಕ. ಒಮ್ಮೆ ಕೂತರೆ ಏಳುವ ಜಾಯಮಾನದ್ದಲ್ಲ. ಕಡೆಗೆ ಗರಗಸ ಹಾಕಿ ಕೊಯ್ಯಬೇಕಾಯಿತು. ಮುಂದಿನ ತಂಡದವರು ಎರಡು ದಿನ ಕಾದು ಕೂತಿದ್ದರು. "ಗಟ್ಟಿ ಮಾಡೋದು ಕಲಿತಿದ್ದೆ. ಸಡಿಲ ಮಾಡೋದನ್ನ ಇಲ್ಲಿ ಮಕ್ಕಳು ಕಲಿಸಿದ್ರು," ಎಂದು ಅವರು ಈಗ ನೆನೆಸಿಕೊಂಡು ತಾವೇ ನಗುತ್ತಾರೆ.

ಗೋಡೆ ಸಡಿಲ ಮಾಡುವುದೇನೋ ಕಲಿತರು. ಕುರ್ಚಿ ಮಾತ್ರ ಅವರನ್ನು ಸೋಲಿಸಿತು.

ಆ ಕುರ್ಚಿ ಬೇಕೆಂದು ಕೇಳಿದವಳು ಕೊನೆಯ ವರ್ಷದ ವಿದ್ಯಾರ್ಥಿನಿ. ಗೋಡೆಯಣ್ಣ ಅವಳನ್ನು ಕರೆಯುವುದು ಡೈರೆಕ್ಟರಮ್ಮ ಎಂದು. ಕಡ್ಡಿಯಂಥ ಹುಡುಗಿ, ಮಾತು ಕಡಿಮೆ, ಹಟ ಜಾಸ್ತಿ. ಅವಳ ಸಿನಿಮಾದ ಕತೆ ಚಿಕ್ಕದು. ಹೆಂಡತಿ ತೀರಿಕೊಂಡ ಮೇಲೆ ಮುದುಕನೊಬ್ಬ ಅವಳು ಕೂರುತ್ತಿದ್ದ ಕುರ್ಚಿಯನ್ನು ಯಾರಿಗೂ ಮುಟ್ಟಗೊಡದೆ ಕಾಯುತ್ತಾನೆ. ದಿನಾ ಒರೆಸುತ್ತಾನೆ, ತಾನೂ ಕೂರುವುದಿಲ್ಲ. ಒಂದು ದಿನ ಧೈರ್ಯ ಮಾಡಿ ಕೂರುತ್ತಾನೆ. ಅವಳ ಜತೆ ಎರಡು ಮಾತಾಡುತ್ತಾನೆ. ಅಬ್ಬಾ ಎಂದು ಹಿಂದಕ್ಕೆ ಒರಗುತ್ತಾನೆ. ಕುರ್ಚಿ ಮುರಿಯುತ್ತದೆ. ನೆಲದ ಮೇಲೆ ಅಂಗಾತ ಬಿದ್ದ ಮುದುಕ, ಅವಳು ಹೋದ ಮೇಲೆ ಮೊದಲನೇ ಸಲ ಬಿದ್ದು ಬಿದ್ದು ನಗುತ್ತಾನೆ.

"ಅಣ್ಣಾ, ಕೂತಾಗ ಮುರೀಬಾರದು. ಒರಗಿದಾಗ ಮುರೀಬೇಕು. ಕ್ಯಾಮೆರಾ ಕುರ್ಚಿ ಕಾಲಿನ ಹತ್ತಿರದಲ್ಲೇ ಹಾದು ಹೋಗುತ್ತೆ, ಗರಗಸದ ಗೀರು ಕಾಣಬಾರದು," ಎಂದು ಅವಳು ಬಿಡಿಸಿ ಹೇಳಿದ್ದಳು. ಗೋಡೆಯಣ್ಣ ಅಷ್ಟೇ ತಾನೇ ಅಂದಿದ್ದರು. ಅಂಟು ಹಾಕದೆ ಒಂದು ಕುರ್ಚಿ ಮಾಡಿದರು. ಅವರ ಮಟ್ಟಿಗೆ ಅದು ಪುಕ್ಕಲು ಕುರ್ಚಿ.

ಶೂಟಿಂಗಿನ ದಿನ, ನಾಟಕಗಳಲ್ಲಿ ಪಳಗಿದ ಹಿರಿಯ ನಟರು ಮುದುಕನಾಗಿ ಬಂದು ಕೂತರು. ಮಾತಾಡಿದರು. ಒರಗಿದರು. ಕುರ್ಚಿ ಹಾಯಾಗಿ ನಿಂತಿತ್ತು. ಇನ್ನೊಮ್ಮೆ ಒರಗಿದರು. ಮೂರನೆಯ ಸಲ ಬೆನ್ನು ಹಾಕಿ ಗುದ್ದಿದರು. ಡೈರೆಕ್ಟರಮ್ಮ ತಾನೇ ಹತ್ತಿ ಕುಣಿದಳು. ದೀಪ ಹಿಡಿದಿದ್ದ ಹುಡುಗರಿಗೆ ನಗು ತಡೆಯಲಾಗುತ್ತಿಲ್ಲ, ಅವಳಿಗೆ ಅಳು ತಡೆಯಲಾಗುತ್ತಿಲ್ಲ.

"ಅಣ್ಣಾ, ಇದು ಮುರಿಯೋ ಕುರ್ಚಿ ಅಲ್ವಾ?"

"ಅಂಟೇ ಹಾಕಿಲ್ಲಮ್ಮ."

"ಮತ್ತೆ?"

"ಕಚ್ಚು ಬಿಗಿಯಾಗಿ ಕೂತುಬಿಟ್ಟಿದೆ," ಎಂದು ಗೋಡೆಯಣ್ಣ ನೆಲ ನೋಡಿದರು. ನಾಚಿಕೆಯಾದರೂ ಒಳಗೊಳಗೆ ಒಂದು ಚೂರು ಹೆಮ್ಮೆಯೂ ಆಯಿತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು ಎನ್ನುತ್ತಾರೆ.

ಮರುದಿನ ಸಂಜೆ ಆ ಸಿನಿಮಾಕ್ಕೆಂದು ಕಟ್ಟಿದ್ದ ಮನೆ ಕಳಚಿ ಜಾಗ ಬಿಡಬೇಕಿತ್ತು. ಇನ್ನೊಂದು ತಂಡ ಸಾಲಿನಲ್ಲಿತ್ತು. ಸ್ಪರ್ಧೆಗೆ ಕಳಿಸುವ ಗಡುವೂ ಹತ್ತಿರ. ಮುರಿಯುವ ಕುರ್ಚಿ ನಾಳೆಯೊಳಗೆ ಬರದಿದ್ದರೆ ಆ ಹುಡುಗಿಯ ವರ್ಷದ ಕಷ್ಟ ನೀರಲ್ಲಿ ಹೋಮ. ಯಾರೋ ಕಾಲನ್ನು ಅರ್ಧ ಕೊಯ್ದುಬಿಡಿ ಅಂದರು. ಅರ್ಧ ಕೊಯ್ದರೆ ಮುದುಕ ಕೂತ ಗಳಿಗೆಯೇ ಕುಸಿಯುತ್ತದೆ, ಕತೆಯೂ ಕುಸಿಯುತ್ತದೆ. ಡೈರೆಕ್ಟರಮ್ಮ ಬಯ್ಯಲಿಲ್ಲ. ಕಣ್ಣೊರೆಸಿಕೊಂಡು, "ನಾಳೆ ಬೆಳಿಗ್ಗೆ ನೋಡೋಣ ಅಣ್ಣಾ," ಎಂದಳು. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

ಅವತ್ತು ಸಂಜೆ ಹೊಸ್ತಿಲಲ್ಲಿ ಎಂದಿನ ಪ್ರಶ್ನೆ ಬಂತು. "ಆಟ ಮುಗೀತಾ?"

"ಮುಗೀಲಿಲ್ಲ," ಎಂದರು ಗೋಡೆಯಣ್ಣ. ಅಪ್ಪ ತಲೆ ಎತ್ತಿದರು. ಉತ್ತರ ಬದಲಾದದ್ದು ಅದೇ ಮೊದಲು.

ಊಟಕ್ಕೆ ಕೂತಾಗ ಮಗ ಮೆಲ್ಲಗೆ ಮಾತು ತೆಗೆದರು. ಕುರ್ಚಿ ಯಾಕೆ ಮುರಿಯುತ್ತೆ ಅಪ್ಪ?

"ಯಾರ ಕುರ್ಚಿ ಮುರೀತು?"

"ಯಾರದ್ದೂ ಮುರೀಲಿಲ್ಲ. ಅದೇ ತಾಪತ್ರಯ."

ಅಪ್ಪನಿಗೆ ಈ ಮಾತು ತಲೆಬುಡ ಅರ್ಥವಾಗಲಿಲ್ಲ. ಆದರೆ ಕೇಳಿದ ಪ್ರಶ್ನೆ ಅವರ ಜೀವಮಾನದ್ದು. ತುತ್ತು ಕೈಯಲ್ಲೇ ನಿಂತಿತು. "ಇಷ್ಟು ವರ್ಷ ನನ್ನ ಹತ್ರ ಕಲಿತು, ಈಗ ಕೇಳ್ತೀಯಲ್ಲೋ. ಕುರ್ಚಿ ಕೂತಾಗ ಮುರಿಯಲ್ಲ. ಕೂತಾಗ ಭಾರ ನಾಲ್ಕೂ ಕಾಲಿಗೆ ಹಂಚಿ ಹೋಗುತ್ತೆ. ಮನುಷ್ಯ ಒರಗ್ತಾನೆ ನೋಡು, ಆವಾಗ ಅಷ್ಟೂ ಹಿಂಗಾಲಿನ ಮೇಲೆ. ಹಿಂಗಾಲಲ್ಲಿ ಕೂರುಹಲಗೆ ಬಂದು ಸೇರೋ ಜಾಗ ಇದೆಯಲ್ಲ, ಕಳ್ಳ ಬಡಗಿ ಸಿಕ್ಕಿಬೀಳೋದು ಅಲ್ಲೇ. ಅಲ್ಲಿ ಕಚ್ಚು ಆಳವಾಗಿ ಕೊರೆದುಬಿಟ್ರೆ ಕಾಲು ಬಡವಾಗುತ್ತೆ. ಅದೇ ಜಾಗದಲ್ಲಿ ಮರಕ್ಕೆ ಗಂಟಿದ್ದರಂತೂ ಮುಗೀತು. ಹೊರಗಡೆ ಏನೂ ಕಾಣಲ್ಲ. ತಿಂಗಳುಗಟ್ಟಲೆ ಕೂತಿರ್ತಾರೆ, ಏನೂ ಆಗಲ್ಲ. ಒಂದಿನ ಆರಾಮಾಗಿ ಒರಗ್ತಾರೆ, ಟಪ್."

ಟಪ್ ಎನ್ನುವಾಗ ಅಪ್ಪ ಎಡಗೈಯಲ್ಲಿ ಗಾಳಿಯಲ್ಲೇ ಕುರ್ಚಿ ಮುರಿದು ತೋರಿಸಿದರು. ತಾವು ಕಂಡ ಕೆಟ್ಟ ಕುರ್ಚಿಗಳ ಕತೆ ಒಂದಾದ ಮೇಲೊಂದು ಹೊರಬಂತು. ಯಾವ ಮದುಮಗ ಎಲ್ಲಿ ಬಿದ್ದ, ಯಾವ ಗುಮಾಸ್ತ ಬಿದ್ದು ಯಾರ ಮೇಲೆ ಕೇಸು ಹಾಕಲು ಹೊರಟ, ಎಲ್ಲ. ಗೋಡೆಯಣ್ಣನ ಹೆಂಡತಿ ಅದನ್ನು ಚೆನ್ನಾಗಿ ನೆನಪಿಟ್ಟಿದ್ದಾರೆ. "ಸಾರು ಆರಿ ತಣ್ಣಗಾಯ್ತು. ಮಾವನ ಮುಖ ಹಾಗೆ ಅರಳಿದ್ದು ನೋಡಿ ಎಷ್ಟು ದಿನ ಆಗಿತ್ತೋ. ಇವರು ಪರೀಕ್ಷೆಗೆ ಓದೋ ಹುಡುಗನ ಹಾಗೆ ಬಾಯಿ ಬಿಟ್ಕೊಂಡು ಕೇಳ್ತಾ ಕೂತಿದ್ರು. ನಂಗೆ ವಿಷಯ ಗೊತ್ತಿತ್ತಲ್ಲ, ನಗು ಬಂದು ಒಳಗೆ ಹೋಗಿಬಿಟ್ಟೆ."

ಬೆಳಗಿನ ಜಾವವೇ ಗೋಡೆಯಣ್ಣ ಶೆಡ್ಡಿನಲ್ಲಿದ್ದರು. ಮರದ ರಾಶಿಯಲ್ಲಿ ಗಂಟಿರುವ ತುಂಡು ಹುಡುಕಿದರು. ಅಷ್ಟೂ ವರ್ಷ ಗಂಟಿರುವ ತುಂಡನ್ನು ಆರಿಸಿ ಎಸೆದ ಕೈ, ಅವತ್ತು ಅದನ್ನೇ ಆರಿಸಿ ಇಟ್ಟುಕೊಂಡಿತು. "ಕೈ ಕೇಳಲಿಲ್ಲ ನೋಡಿ," ಎಂದು ಬೆರಳು ಚಾಚಿ ತೋರಿಸುತ್ತಾರೆ. "ಉಳಿ ತಾನಾಗೇ ನಿಲ್ಲೋದು, ಇಷ್ಟೇ ಸಾಕು ಆಳ ಅಂತ. ಬಲಗೈನ ಎಡಗೈಲಿ ಹಿಡಿದು ತಳ್ಳಿದ ಹಾಗೆ ಮಾಡಿ, ಕೆಟ್ಟ ಕೆಲಸ ಮಾಡಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಒಳ್ಳೇ ಕೆಲಸಾನೂ ಮಾಡಿಲ್ಲ."

ಎರಡು ಕುರ್ಚಿಗೆ ಮರ ಕೊಯ್ದುಕೊಂಡು, ಮೊದಲು ಒಂದನ್ನು ಮಾಡಿದರು. ಮುದುಕನ ವೇಷದ ಹಿರಿಯರ ಸೊಂಟಕ್ಕೆ ಏನಾದರೂ ಆದರೆ ಗತಿ ಏನು? ಅದಕ್ಕೆ ಮೊದಲನೆಯದರಲ್ಲಿ ತಾವೇ ಕೂತರು. ಕೂತ ಗಳಿಗೆಯೇ ಕಾಲು ಲಟಕ್ಕೆಂದಿತು, ಗೋಡೆಯಣ್ಣ ಅಂಗಾತ. ಯಾರೂ ಇಲ್ಲದ ಶೆಡ್ಡಿನಲ್ಲಿ, ಸೂರಿಲ್ಲದ ಮನೆಯೊಳಗೆ, ತಗಡು ನೋಡುತ್ತ ಸ್ವಲ್ಪ ಹೊತ್ತು ಬಿದ್ದುಕೊಂಡಿದ್ದರು. ಆಮೇಲೆ ಎದ್ದು, ಬೆನ್ನು ಉಜ್ಜಿಕೊಂಡು, ಎರಡನೆಯ ಕುರ್ಚಿಯ ಕಚ್ಚನ್ನು ಒಂದು ಕೂದಲೆಳೆ ಕಡಿಮೆ ಕೊರೆದರು. ಅದರಲ್ಲಿ ಮೆಲ್ಲಗೆ ಕೂತರು. ತಡೆಯಿತು. ಒರಗಿ ನೋಡುವಂತಿರಲಿಲ್ಲ. ಒರಗಿದರೆ ಇನ್ನೊಂದು ಮಾಡಲು ಹೊತ್ತಿಲ್ಲ.

ಕುರ್ಚಿಯ ಹಿಂದೆ ಕ್ಯಾಮೆರಾಗೆ ಕಾಣದ ಕಡೆ ದಪ್ಪ ಹಾಸಿಗೆ ಹಾಸಿದರು. ಹಿರಿಯರಿಗೆ ಹೇಗೆ ಬೀಳಬೇಕೆಂದು ತಾವೇ ಬಿದ್ದು ತೋರಿಸಿದರು. ಶೆಡ್ಡಿನ ಫ್ಯಾನುಗಳು ನಿಂತವು. ಎಲ್ಲರ ಬಾಯಿಗೂ ಬೀಗ ಬಿತ್ತು. ಗೋಡೆಯಣ್ಣ ಪ್ಲೈವುಡ್ ಗೋಡೆಯ ಹಿಂದೆ, ಮರಳಿನ ಮೂಟೆಯ ಪಕ್ಕ ನಿಂತು, ಕಿಟಕಿಯ ಸಂದಿಯಿಂದ ನೋಡುತ್ತಿದ್ದರು. ಮುದುಕ ಕೂತ. ಕುರ್ಚಿ ತಡೆಯಿತು. ಇಲ್ಲದ ಹೆಂಡತಿಯ ಜತೆ ಎರಡು ಮಾತಾಡಿದ. ತಡೆಯಿತು. ಅಬ್ಬಾ ಎಂದು ಒರಗಿದ. ಟಪ್.

ಅಪ್ಪ ಗಾಳಿಯಲ್ಲಿ ಮಾಡಿ ತೋರಿಸಿದ್ದ ಅದೇ ಸದ್ದು. ಆಮೇಲೆ ಬಂದ ನಗು ನಟನೆಯದೋ ನಿಜದ್ದೋ ಯಾರಿಗೂ ತಿಳಿಯಲಿಲ್ಲ, ಹಿರಿಯರಿಗೇ ತಿಳಿಯಲಿಲ್ಲವಂತೆ. ಡೈರೆಕ್ಟರಮ್ಮ ಕಟ್ ಹೇಳುವುದನ್ನೇ ಮರೆತು ನಿಂತಿದ್ದಳು. "ಸಂತೋಷ ಆಯ್ತು. ಸಂಕಟಾನೂ ಆಯ್ತು," ಎನ್ನುತ್ತಾರೆ ಗೋಡೆಯಣ್ಣ. "ನಾನು ಮಾಡಿದ್ದು ನನ್ನ ಕಣ್ಣೆದುರೇ ಮುರೀತಲ್ಲ. ಆ ಕಾಲಿನ ತುಂಡು ಎತ್ತಿ ಚೀಲದಲ್ಲಿಟ್ಕೊಂಡೆ. ಯಾಕೆ ಅಂತ ಕೇಳಬೇಡಿ."

ಆ ಸಿನಿಮಾ ಮೊದಲು ಕಾಲೇಜು ಕಾಲೇಜುಗಳ ಸ್ಪರ್ಧೆಯಲ್ಲಿ ಗೆದ್ದಿತು. ಆಮೇಲೆ ಸಮುದ್ರದಾಚೆ ಹೋಗಿ, ಭಾಷೆ ತಿಳಿಯದ ಜನರನ್ನೂ ನಗಿಸಿ, ವಿದ್ಯಾರ್ಥಿಗಳ ಸಿನಿಮಾಗಳಲ್ಲೇ ಮೊದಲನೆಯದು ಎಂಬ ಫಲಕ ಹೊತ್ತು ಬಂತು. ಕಾಲೇಜಿನವರು ಒಂದು ಸಂಜೆ ಎಲ್ಲ ಕೆಲಸಗಾರರನ್ನೂ ಮನೆಯವರ ಸಮೇತ ಕರೆದು ಸಿನಿಮಾ ತೋರಿಸಲು ನಿಶ್ಚಯಿಸಿದರು.

ಅಪ್ಪನನ್ನು ಹೊರಡಿಸಿದ ಕೀರ್ತಿ ಸೊಸೆಗೆ ಸಲ್ಲಬೇಕು. ಮಗ ಕರೆದಿದ್ದರೆ ಮೊಣಕಾಲು ನೋಯುತ್ತಿತ್ತು. ಸೊಸೆ, "ಮಾವ, ನಾನು ಹೋಗ್ಬೇಕು ಅಂತಿದೀನಿ, ಇವರು ಅಲ್ಲಿ ಓಡಾಡ್ತಾ ಇರ್ತಾರೆ, ನನ್ನ ಜತೆಗೆ ಕೂರೋರು ಯಾರಿದಾರೆ," ಅಂದರು. ಮಾವ ಗೊಣಗುತ್ತ ಇಸ್ತ್ರಿ ಅಂಗಿ ಕೇಳಿದರು.

ಸಭಾಂಗಣದಲ್ಲಿ ಮಗ ಒಂದು ಪಕ್ಕ, ಸೊಸೆ ಒಂದು ಪಕ್ಕ. ದೀಪ ಆರಿತು. ಪರದೆಯ ಮೇಲೆ ಮೊದಲು ಕಂಡದ್ದು ಬಾಗಿಲು. ಮುದುಕ ಅದನ್ನು ಬೆರಳಲ್ಲಿ ತಳ್ಳುತ್ತಾನೆ, ಸದ್ದಿಲ್ಲದೆ ತೆರೆಯುತ್ತದೆ. ಅಪ್ಪ ಮುಂದಕ್ಕೆ ಬಾಗಿದರು. ಕಿವಿ ಮಂದವಾದವರ ಪಿಸುಮಾತು ಎಲ್ಲರಿಗೂ ಕೇಳಿಸುತ್ತದೆ ತಾನೇ.

"ಈ ಮನೆ ಎಲ್ಲಿದೆಯೋ?"

ಗೋಡೆಯಣ್ಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಮುಂದುವರಿಸಿದರು.

"ಬಾಗಿಲು ನೋಡು ಹೇಗೆ ಕೂತಿದೆ. ಹಳೇ ಕಾಲದ್ದು. ಯಾರೋ ಕೆಲಸ ಬಲ್ಲೋನು ಮಾಡಿರೋದು. ಈಗಿನವರ ಕೈಲಿ ಎಲ್ಲಾಗುತ್ತೆ."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಿನಿಮಾ ಸಾಗಿತು. ಮುದುಕ ಕುರ್ಚಿ ಒರೆಸಿದ, ಕಾದ, ಕಡೆಗೆ ಕೂತ, ಮಾತಾಡಿದ, ಒರಗಿದ. ಟಪ್. ಸಭಾಂಗಣ ಹಾ ಎಂದು ಉಸಿರೆಳೆದುಕೊಂಡಿತು. ಆ ಮೌನದಲ್ಲಿ ಅಪ್ಪನ ದನಿ ಗುಂಡಿನ ಹಾಗೆ ಸಿಡಿಯಿತು.

"ಯಾವ ದಡ್ಡನೋ ಆ ಕುರ್ಚಿ ಮಾಡಿದ್ದು! ಗಂಟಿರೋ ಜಾಗದಲ್ಲಿ ಕಚ್ಚು ಹಾಕಿದಾನೆ. ಪಾಪ, ಆ ಮನುಷ್ಯನ ಸೊಂಟ."

ಮುಂದಿನ ಸಾಲು ತಿರುಗಿ ನೋಡಿತು. ಪರದೆಯ ಮೇಲೆ ಮುದುಕ ನಗುತ್ತಿದ್ದ, ಈಗ ಸಭಾಂಗಣವೂ ನಗತೊಡಗಿತು. ಗೋಡೆಯಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ವರ್ಷಗಳ ಮೇಲೆ ಅಪ್ಪ ಅವರನ್ನು ಬಯ್ದಿದ್ದರು, ಅದೂ ಬಡಗಿಯನ್ನು ಬಯ್ಯುವ ಹಾಗೆ.

ದೀಪ ಹತ್ತಿದಾಗ ಡೈರೆಕ್ಟರಮ್ಮ ವೇದಿಕೆಯಿಂದ ನೆಟ್ಟಗೆ ಇಳಿದು ಬಂದಳು. ಕೈಯಲ್ಲಿದ್ದ ಫಲಕವನ್ನು ಅಪ್ಪನ ತೊಡೆಯ ಮೇಲಿಟ್ಟಳು. "ತಾತಾ, ಆ ದಡ್ಡ ನಿಮ್ಮ ಪಕ್ಕದಲ್ಲೇ ಕೂತಿದಾರೆ."

ಅಪ್ಪ ಮಗನ ಕಡೆ ತಿರುಗಿದರು. "ಬಾಗಿಲು?"

"ಅದೂ ಅವರದೇ ತಾತಾ. ಮನೆ ಪೂರ್ತಿ ಅವರದೇ."

ಆ ಮನೆ ನೋಡಬೇಕು ಎಂದು ಅಪ್ಪ ಎದ್ದು ನಿಂತರು. ಮೊಣಕಾಲಿನ ಸುದ್ದಿಯೇ ಬರಲಿಲ್ಲ. ಮನೆ ಈಗ ಇಲ್ಲ, ಅವತ್ತೇ ಕಳಚಿದೆವು ಎಂದು ಮಗ ಹೇಳಿದರೂ ಕೇಳದೆ ಶೆಡ್ಡಿನ ಕಡೆ ನಡೆದರು. ಅಲ್ಲಿ ಹಲಗೆಗಳ ನಡುವೆ ಆ ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಅಪ್ಪ ನಡುಗುವ ಕೈಯನ್ನು ಅದರ ಮೇಲೆ ಆಡಿಸಿದರು. ಆಮೇಲೆ ಅಂಚಿನಿಂದ ಕೈ ತೂರಿಸಿ ಹಿಂಬದಿ ಮುಟ್ಟಿ ನೋಡಿದರು. ಹಿಂಬದಿಯೂ ಉಪ್ಪುಕಾಗದ ಉಜ್ಜಿ ನುಣುಪಾಗಿತ್ತು.

"ಹಿಂದೆ ಯಾಕೆ ಉಜ್ಜಿದೆ? ಆ ಕಡೆ ಯಾರೂ ನೋಡಲ್ಲವಲ್ಲ."

"ಕೈ ಕೇಳಲಿಲ್ಲ ಅಪ್ಪ."

ಅಪ್ಪ ಹ್ಞೂಂ ಅಂದರು, ಅಷ್ಟೇ. ಮನೆಯ ದಾರಿ ಹಿಡಿದರು. ಮನೆಯ ತಿರುವಿನಲ್ಲಿ ನಿಂತು, ಕೂತಾಗ ಬೀಳದೆ ಒರಗಿದಾಗ ಬೀಳೋಕೆ ಎಷ್ಟು ಆಳ ಕೊರೆಯಬೇಕು ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದರು. ನಾನೇ ಮೊದಲು ಬಿದ್ದು ನೋಡಿದೆ ಎಂದರು ಮಗ. ಅಪ್ಪ ಬೀದಿ ದೀಪದ ಕಂಬ ಹಿಡಿದುಕೊಂಡು ನಕ್ಕರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಬೆಳಗಾಗುತ್ತಿದ್ದಂತೆ ಅವರು ಎದುರುಮನೆಯವರನ್ನು ಹಿಡಿದು ನಿಲ್ಲಿಸಿ ಹೇಳುತ್ತಿದ್ದುದನ್ನು ಸೊಸೆ ಕೇಳಿಸಿಕೊಂಡಿದ್ದಾರೆ. "ಗಟ್ಟಿ ಕುರ್ಚಿ ಯಾರು ಬೇಕಾದರೂ ಮಾಡ್ತಾರೆ ಕಣಯ್ಯಾ. ಹೇಳಿದ ಕ್ಷಣಕ್ಕೆ ಮುರಿಯೋ ಕುರ್ಚಿ ಮಾಡ್ತಾನೆ ನಮ್ಮೋನು. ಎಲ್ಲಿ, ಯಾರಾದರೂ ಮಾಡಲಿ ನೋಡೋಣ."

ಕಿಟಕಿಯ ಚೌಕಟ್ಟು ಈಗ ಕೂತಿದೆ. ಬಾಯಲ್ಲಿನ ಮೊಳೆಗಳು ಮುಗಿದಿವೆ. ಶೆಡ್ಡಿನ ಬಾಗಿಲಲ್ಲಿ ಬಿಸಿಲು ಕಾಲಿಟ್ಟಿದೆ, ಹುಡುಗರು ದೀಪಗಳನ್ನು ಹೊತ್ತು ತರುತ್ತಿದ್ದಾರೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ ಗೋಡೆಯಣ್ಣ ಕೈಯ ಹೊಟ್ಟು ಕೊಡವುತ್ತ ಯೋಚಿಸುತ್ತಾರೆ. ಅಪ್ಪನನ್ನು ಒಂದಿನ ಇಲ್ಲಿ ಕೂರಿಸಿಕೊಂಡು ಒಂದು ಹಳೇ ಕಾಲದ ಮನೆ ಕಟ್ಟಬೇಕು, ಅವರು ಹೇಳಬೇಕು, ತಾವು ಮಾಡಬೇಕು. ಅಷ್ಟೇ ಅನ್ನುತ್ತಾರೆ. ಆಮೇಲೆ ತಡೆದು, ಸಿನಿಮಾ ತೋರಿಸಿದ ಮರುದಿನದ ಸಂಜೆಯದೊಂದು ಮಾತು ಹೇಳುತ್ತಾರೆ.

"ಎಂದಿನ ಹಾಗೆ ಹೊಸ್ತಿಲಲ್ಲಿ ಚಪ್ಪಲಿ ಬಿಡ್ತಾ ಇದ್ದೆ. ಒಳಗಿಂದ ಅಪ್ಪ ಕೇಳಿದ್ರು, ಕೆಲಸ ಮುಗೀತಾ ಅಂತ. ಕೇಳಿಸ್ತು ನಂಗೆ. ಆದರೂ ಕೇಳಿಸದೇ ಇರೋನ ಹಾಗೆ ಚಪ್ಪಲಿ ಸರಿ ಮಾಡ್ತಾ ಅಲ್ಲೇ ನಿಂತೆ." ಗೋಡೆಯಣ್ಣನ ಮುಖ ಮಗುವಿನದಾಗುತ್ತದೆ. "ಅಪ್ಪ ಜೋರಾಗಿ ಕೂಗಿದ್ರು. ಕಿವಿ ಕೇಳಲ್ವೇನೋ, ಕೆಲಸ ಮುಗೀತಾ ಅಂದೆ."